ಎಸ್‌ಟಿಪಿ ನೀರಿನ ಬಿಒಡಿಯನ್ನು ಮಾಡೆಲ್ ಹೇಳುತ್ತದಾ? ಗ್ರೂಪಿನಲ್ಲಿ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಪಾರ್ಟ್‌ಮೆಂಟ್ ಸದಸ್ಯ, ಬೆಂಗಳೂರು: ಸಾರ್, ನಮ್ಮ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕ) ಎರಡು ವರ್ಷದ ಡೇಟಾ ಹಾಕಿ ರ್‍ಯಾಂಡಮ್ ಫಾರೆಸ್ಟ್ ಅನ್ನೋ, ಹಳೆಯ ಅಂಕಿ ನೋಡಿ ಕಲಿತು ಊಹೆ ಹೇಳುವ ಕಂಪ್ಯೂಟರ್ ಮಾಡೆಲ್ ಮಾಡಿದ್ದೇನೆ. ಪಿಎಚ್, ಟರ್ಬಿಡಿಟಿ (ನೀರು ಎಷ್ಟು ಕದಡಿದೆ), ಫ್ಲೋ ಕೊಟ್ಟರೆ ಬಿಒಡಿ (ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾದ ಆಕ್ಸಿಜನ್, ಲೀಟರಿಗೆ ಮಿಲಿಗ್ರಾಂ ಲೆಕ್ಕ; ಕೊಳೆ ಹೆಚ್ಚಿದ್ದರೆ ಅದೂ ಹೆಚ್ಚು) ಹೇಳುತ್ತದೆ. ಆರ್ ಸ್ಕ್ವೇರ್ (ಊಹೆ ಎಷ್ಟು ಸರಿ ಅನ್ನೋ ಅಂಕ, 1 ಅಂದರೆ ಪೂರ್ತಿ ಸರಿ) 0.98. ಬಿಒಡಿ ಕಡಿಮೆ ತೋರಿಸಿದ ರಾತ್ರಿ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಆಫ್ ಮಾಡೋಣ ಅಂತ ಕಮಿಟಿಯವರು ಹೇಳುತ್ತಿದ್ದಾರೆ. ಕರೆಂಟ್ ಬಿಲ್ ಜಾಸ್ತಿ. ಮಾಡಬಹುದಾ?

ಇಂಜಿನಿಯರ್: ಲ್ಯಾಬ್ ರಿಪೋರ್ಟ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ?

ಅಪಾರ್ಟ್‌ಮೆಂಟ್ ಸದಸ್ಯ: ತಿಂಗಳಿಗೊಂದು. ಮಧ್ಯದ ದಿನಗಳನ್ನು ಇಂಟರ್‌ಪೊಲೇಟ್ ಮಾಡಿ ತುಂಬಿಸಿದ್ದೇನೆ.

ಇಂಜಿನಿಯರ್: ದಯವಿಟ್ಟು ಬ್ಲೋವರ್ ಮುಟ್ಟಬೇಡಿ. ನಿಮ್ಮ ಹತ್ತಿರ ನಿಜವಾಗಿ ಇರುವುದು 24 ಬಿಒಡಿ ಅಂಕಿ. ಉಳಿದ ಏಳುನೂರು ಚಿಲ್ಲರೆ ನೀವೇ ಎರಡು ಚುಕ್ಕಿ ಮಧ್ಯೆ ಗೆರೆ ಎಳೆದು ಮಾಡಿಕೊಂಡಿದ್ದು. ಆಮೇಲೆ ಎಲ್ಲವನ್ನೂ ಕಲಸಿ, ಶೇ 80 ಕಲಿಸಲು, ಶೇ 20 ಪರೀಕ್ಷೆಗೆ ಅಂತ ಒಡೆದಿರುತ್ತೀರಿ. ಪರೀಕ್ಷೆಯಲ್ಲಿ ಮಂಗಳವಾರ ಬಂದರೆ ಸೋಮವಾರ, ಬುಧವಾರ ಎರಡನ್ನೂ ಮಾಡೆಲ್ ಆಗಲೇ ನೋಡಿರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನಿಗೆ 98 ಬರದೆ ಇನ್ನೇನು ಬರುತ್ತದೆ? ಡೇಟ್ ಕಾಲಂ ಕೂಡ ಕೊಟ್ಟಿದ್ದರೆ ಮುಗೀತು, ಅದು ಪಿಎಚ್ ಕಡೆ ತಿರುಗಿಯೂ ನೋಡಲ್ಲ.

ತುಂಬಿಸಿದ ಸಾಲುಗಳನ್ನು ತೆಗೆಯಿರಿ. ಮೊದಲ 18 ತಿಂಗಳಲ್ಲಿ ಕಲಿಸಿ, ಕೊನೆಯ 6 ತಿಂಗಳಲ್ಲಿ ಪರೀಕ್ಷಿಸಿ. "ಹೋದ ತಿಂಗಳು ಬಂದಷ್ಟೇ ಈ ತಿಂಗಳೂ" ಅಂತ ಸುಮ್ನೆ ಹೇಳಿದ್ದಕ್ಕಿಂತ ಮಾಡೆಲ್ ಚೆನ್ನಾಗಿ ಹೇಳದಿದ್ದರೆ ಅದು ಬೇಡ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ರ್‍ಯಾಂಡಮ್ ಫಾರೆಸ್ಟ್ ತಾನು ಕಂಡ ಅತಿ ಹೆಚ್ಚಿನ ಅಂಕಿಯನ್ನು ದಾಟಿ ಹೇಳುವುದಿಲ್ಲ. ನಿಮ್ಮ 24 ಅಂಕಿಯೂ 10ರ ಒಳಗಿದ್ದರೆ, ಟ್ಯಾಂಕ್ ಕೆಟ್ಟು 60 ಆದ ದಿನವೂ ಅದು 10ರ ಒಳಗೇ ಹೇಳುತ್ತದೆ. ಅದನ್ನು ನಂಬಿ ರಾತ್ರಿಯಿಡೀ ಗಾಳಿ ನಿಲ್ಲಿಸಿದರೆ ಕೆಸರು ಕೊಳೆತು ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಹುಟ್ಟುತ್ತದೆ. ಆ ಗ್ಯಾಸ್ ಜಾಸ್ತಿ ಇದ್ದಾಗ ಮೂಗು ಸತ್ತು ವಾಸನೆಯೇ ಗೊತ್ತಾಗಲ್ಲ. ಬೆಳಿಗ್ಗೆ ಏನಾಯ್ತು ನೋಡೋಣ ಅಂತ ಇಳಿಯುವವನು ನಿಮ್ಮ ಆಪರೇಟರ್. ಇಂಥ ಟ್ಯಾಂಕ್‌ಗಳಲ್ಲಿ ಜನ ಸತ್ತಿದ್ದಾರೆ. ಬಿಲ್ ಇಳಿಸಬೇಕಾದರೆ ಡಿಒ ಮೀಟರ್ (ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯುವುದು) ಹಾಕಿ, ಬ್ಲೋವರ್‌ಗೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಕೂರಿಸಿ, ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಸುತ್ತಮುತ್ತ ಇರುವಂತೆ ನೋಡಿಕೊಳ್ಳಿ.

ಎಂ.ಟೆಕ್ ವಿದ್ಯಾರ್ಥಿನಿ: ಸಾರ್, ಮಾಡೆಲ್‌ಗಳಲ್ಲಿ ಎಲ್‌ಎಸ್‌ಟಿಎಂ (ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್) ಒಳ್ಳೆಯದಾ, ಎಕ್ಸ್‌ಜಿಬೂಸ್ಟ್ ಒಳ್ಳೆಯದಾ? ಯುಸಿಐ ಅನ್ನೋ ಉಚಿತ ಡೇಟಾ ಸಂಗ್ರಹದಿಂದ ಒಂದು ಎಸ್‌ಟಿಪಿಯ 527 ದಿನಗಳ ಡೇಟಾ ತಗೊಂಡಿದ್ದೇನೆ.

ಇಂಜಿನಿಯರ್: 527 ದಿನಕ್ಕೆ ಎಲ್‌ಎಸ್‌ಟಿಎಂ ಯಾಕಮ್ಮಾ? ಅದಕ್ಕೆ ತುಂಬಾ ಡೇಟಾ ಬೇಕು. ಮೊದಲು ಲೀನಿಯರ್ ರಿಗ್ರೆಷನ್ (ನೇರ ಗೆರೆಯ ಸರಳ ಲೆಕ್ಕ) ಮಾಡಿ ನೋಡಿ.

ಮೈಸೂರು ಸದಸ್ಯ: ಟೆಸ್ಟ್ ಮಾಡಿಸಿದರೆ ಆಯ್ತಲ್ಲ, ಮಾಡೆಲ್ ಯಾಕೆ?

ಇಂಜಿನಿಯರ್: ಬಿಒಡಿ ಬಾಟಲಿ 27 ಡಿಗ್ರಿಯಲ್ಲಿ ಮೂರು ದಿನ ಇರಬೇಕು. ರಿಪೋರ್ಟ್ ಬರುವಷ್ಟರಲ್ಲಿ ಆ ನೀರು ಗಾರ್ಡನ್‌ಗೆ ಹೋಗಿರುತ್ತದೆ. ಅದಕ್ಕೇ ಒಳ್ಳೆಯ ಮಾಡೆಲ್ ಬೇಕು.

ಜೆ.ಪಿ. ನಗರ ಸದಸ್ಯೆ: ಫಾರ್ವರ್ಡ್ ಬಂದಿದೆ: ಬೆಲ್ಲ, ಮಜ್ಜಿಗೆ, ನಿಂಬೆಸಿಪ್ಪೆ ಕೊಳೆಸಿ ಟ್ಯಾಂಕಿಗೆ ಹಾಕಿದರೆ ಬಿಒಡಿ ಸೊನ್ನೆ. ನಿಜಾನಾ?

ಇಂಜಿನಿಯರ್: ಬೆಲ್ಲವೇ ಬಿಒಡಿ ಮೇಡಂ. ಹಾಕಿದಷ್ಟೂ ಏರುತ್ತದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಇನ್ನೊಬ್ಬ ಸದಸ್ಯ: ಯಾವ ಅಲ್ಗಾರಿದಮ್ ಬೆಸ್ಟ್ ಸಾರ್?

ಇಂಜಿನಿಯರ್: ಮೇಲೆ ಓದಿ.

ಕೋಲಾರದ ರೈತ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ನಮ್ಮ ಕೆರೆಗೆ ಬರುತ್ತಿದೆ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು. ನಿಮ್ಮ ಮಾಡೆಲ್ ನೊರೆ ಹೇಳುತ್ತಾ?

ಮಾಲೂರು ಸದಸ್ಯ: ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಬಂದಿದ್ದು ಮರೆತುಬಿಟ್ರಾ ಅಣ್ಣಾ?

ಕೋಲಾರದ ರೈತ: ನೀರು ಬೇಡ ಅಂದವರ್‍ಯಾರು? ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತಿದ್ದೀವಿ. ಆ ಬೋರ್ ನೀರು ನಿಮ್ಮ ಮಗುಗೆ ಕುಡಿಸ್ತೀರಾ?

ಮಾಲೂರು ಸದಸ್ಯ: ಮನೆ ಮಕ್ಕಳನ್ನು ಎಳೀಬೇಡಿ. ಮಾತು ನೆಟ್ಟಗಿರಲಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

 

ಅಪಾರ್ಟ್‌ಮೆಂಟ್ ಸದಸ್ಯ: ಸಾರ್, ಕಮಿಟಿಯವರು ಒಪ್ಪುತ್ತಿಲ್ಲ. ಲ್ಯಾಬ್‌ನಲ್ಲೇ ಯಾವಾಗಲೂ 3, 4 ಬರುತ್ತದೆ, ಇನ್ನೇನು ಭಯ ಅಂತಾರೆ.

ಇಂಜಿನಿಯರ್: ಸ್ಯಾಂಪಲ್ ಎಲ್ಲಿಂದ ಹಿಡಿಯುತ್ತೀರಿ?

ಅಪಾರ್ಟ್‌ಮೆಂಟ್ ಸದಸ್ಯ: ಕ್ಲೋರಿನ್ ಹಾಕಿದ ಮೇಲಿನ ಟ್ಯಾಂಕಿನಿಂದ.

ಇಂಜಿನಿಯರ್: ಹಾಗಾದರೆ ಲ್ಯಾಬ್‌ನವರು ಕ್ಲೋರಿನ್ ತೆಗೆದು, ಸೀಡ್ (ಜೀವಂತ ಬ್ಯಾಕ್ಟೀರಿಯಾ) ಹಾಕಿ ಟೆಸ್ಟ್ ಮಾಡಿದ್ದಾರಾ ಅಂತ ಇವತ್ತೇ ಕೇಳಿ. ಇಲ್ಲದಿದ್ದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾವೇ ಸತ್ತಿರುತ್ತದೆ, ಆಕ್ಸಿಜನ್ ತಿನ್ನುವವರೇ ಇರುವುದಿಲ್ಲ, ನೀರು ಹೇಗಿದ್ದರೂ 3, 4 ಬರುತ್ತದೆ. ಆಗ ನಿಮ್ಮ 24 ಅಂಕಿಯನ್ನೂ ಬದಿಗಿಟ್ಟು, ಕ್ಲೋರಿನ್‌ಗೆ ಮುಂಚಿನ ಪೈಪಿನಿಂದ ಹೊಸ ಸ್ಯಾಂಪಲ್ ಹಿಡಿದು ಶುರುಮಾಡಬೇಕು.