ಅಪ್ಪಯ್ಯನಿಗೆ 77, ಕೀಮೋ ಕೊಡಿಸುವುದೋ ಬೇಡವೋ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿರಸಿಯಿಂದ:
ಅಪ್ಪಯ್ಯನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಚೆನ್ನಾಗಿ ಆಯಿತು. "ಈ ವಯಸ್ಸಲ್ಲಿ ಕೀಮೋ ಯಾಕೆ, ಸುಮ್ನೆ ಹಿಂಸೆ" ಅಂತಾನೆ ಅಣ್ಣ. ಮೊದಲು ಜೆರಿಯಾಟ್ರಿಕ್ ಅಸೆಸ್‌ಮೆಂಟ್ (ವಯಸ್ಸಾದವರ ದೇಹ, ಮನಸ್ಸು, ಓಡಾಟ ಎಲ್ಲ ಹೇಗಿದೆ ಅಂತ ನೋಡುವ ತಪಾಸಣೆ) ಆಗಲಿ, ಆಮೇಲೆ ನೋಡೋಣ ಅಂತಾರೆ ಡಾಕ್ಟರು. ಯಾರಾದರೂ ಮಾಡಿಸಿದ್ದೀರಾ?

ಕುಮಟಾದಿಂದ:
ಖಂಡಿತ ಮಾಡಿಸಿ. ನಮ್ಮ ಆಯಿಗೂ ಇದೇ ಕಾಯಿಲೆ, ವಯಸ್ಸು ನಿಮ್ಮ ಅಪ್ಪಯ್ಯನಿಗಿಂತ ಸ್ವಲ್ಪ ಜಾಸ್ತಿಯೇ. ಹೆದರುವಂಥದ್ದು ಏನೂ ಇಲ್ಲ. ಕೂರಿಸಿ ಮಾತಾಡಿಸುತ್ತಾರೆ, ನಡೆಸಿ ನೋಡುತ್ತಾರೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಳ್ಳುತ್ತಾರೆ. ಮೂರು ಶಬ್ದ ಹೇಳಿ, ನಡುವೆ ಗಡಿಯಾರದ ಚಿತ್ರ ಬರೆಸಿ, ಆ ಶಬ್ದಗಳನ್ನು ಮತ್ತೆ ಕೇಳುತ್ತಾರೆ. ಊಟ ಸೇರುತ್ತದೆಯಾ, ತೂಕ ಇಳಿದಿದೆಯಾ, ಮನಸ್ಸಿಗೆ ಬೇಜಾರಾ, ಬಿದ್ದದ್ದುಂಟಾ, ಎಲ್ಲ ವಿಚಾರಿಸುತ್ತಾರೆ.

ಆಯಿ ಎಲ್ಲದಕ್ಕೂ "ಅಡ್ಡಿಲ್ಲೆ, ಆನೇ ಮಾಡ್ತಿ" ಅಂದಳು. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು, ಆಮೇಲೆ ಅಂಗಳಕ್ಕೂ ಇಳಿಯದೇ ಇದ್ದದ್ದನ್ನು ಹೇಳಿದ್ದು ಪಕ್ಕದಲ್ಲಿದ್ದ ಅತ್ತಿಗೆ. ದಿನಾ ಜೊತೆಗಿರುವವರನ್ನೇ ಕರೆದುಕೊಂಡು ಹೋಗಿ, ಬೆಂಗಳೂರಿಂದ ಬಂದ ಮಗನನ್ನಲ್ಲ.

ಗುಳಿಗೆ ಚೀಲ ಪೂರ್ತಿ ಒಯ್ಯಿರಿ. ಆಯಿಯದನ್ನು ಮೇಜಿನ ಮೇಲೆ ಸುರುವಿದರೆ ಒಂದೇ ಬಿಪಿ ಗುಳಿಗೆ ಎರಡು ಹೆಸರಲ್ಲಿ ಸಿಕ್ಕಿತು, ಎರಡನ್ನೂ ನುಂಗುತ್ತಿದ್ದಳು. ಜೊತೆಗೆ ಮಂಡಿನೋವಿಗೆ ಅಂಗಡಿಯಿಂದ ತಂದದ್ದು ಬೇರೆ. ಅದು ಕಿಡ್ನಿಗೆ ಪೆಟ್ಟು, ಅವಳಿಗೆ ಕೊಡಬೇಕೆಂದಿದ್ದ ಕೀಮೋ ಡೋಸನ್ನು ಕಿಡ್ನಿ ನೋಡಿಯೇ ಕೊಡುವುದು. ಮಂಡಿನೋವಿನ ಗುಳಿಗೆ ನಿಲ್ಲಿಸಿ, ಬಿಪಿಗೆ ಒಂದೇ ಸಾಕು ಅಂದರು. ತಲೆಸುತ್ತು ಅದರಲ್ಲೇ ಎಷ್ಟೋ ಇಳಿಯಿತು.

ಕೊನೆಗೆ ಕೀಮೋ ಬೇಡ ಅನ್ನಲಿಲ್ಲ, ಪೂರ್ತಿ ಜೋರಿನದ್ದೂ ಕೊಡಲಿಲ್ಲ. ಈ ಹಂತಕ್ಕೆ ಸಾಮಾನ್ಯವಾಗಿ ಎರಡು ಮದ್ದು ಸೇರಿಸಿ ಕೊಡುತ್ತಾರೆ. ಅದರಲ್ಲಿ ಆಕ್ಸಲಿಪ್ಲಾಟಿನ್ ಕೈಕಾಲಿಗೆ ಜೋಮು ಹಿಡಿಸುತ್ತದೆ, 70 ದಾಟಿದವರಿಗೆ ಅದನ್ನು ಸೇರಿಸಿದರೆ ಸಿಗುವ ಲಾಭವೂ ಅಷ್ಟಕ್ಕಷ್ಟೇ. ಮೊದಲೇ ಬೀಳುವವಳು, ಪಾದವೂ ಮರಗಟ್ಟಿದರೆ? ಹಾಗಾಗಿ ಕೆಪೆಸಿಟಾಬಿನ್ ಗುಳಿಗೆ ಮಾತ್ರ, ಅದೂ ಕಡಿಮೆ ಡೋಸಿನಿಂದ ಶುರು ಮಾಡಿದರು. ಡ್ರಿಪ್ ಹಾಕಿಸಲಿಕ್ಕೆ ಮತ್ತೆ ಮತ್ತೆ ಮಣಿಪಾಲಕ್ಕೆ ಓಡುವುದು ತಪ್ಪಿತು. ನಮ್ಮ ಜಿಲ್ಲೆಯವರಿಗೆ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಯಾರು ಕರೆದೊಯ್ಯುತ್ತಾರೆ, ಮನೆಯಲ್ಲಿ ಯಾರಿದ್ದಾರೆ ಅಂತಲೂ ಕೇಳುತ್ತಾರೆ. ಸಂಕೋಚ ಬಿಟ್ಟು ಇದ್ದದ್ದನ್ನು ಹೇಳಿ.

ಸಿದ್ದಾಪುರದಿಂದ:
ನಿಮ್ಮ ಪ್ರಶ್ನೆಯಲ್ಲಿ ಅಣ್ಣನ ಮಾತಿದೆ, ಡಾಕ್ಟರ ಮಾತಿದೆ. ಅಪ್ಪಯ್ಯ ಏನು ಹೇಳುತ್ತಾರೆ? ನಮ್ಮ ಮಾವನವರಿಗೆ 84, ಕಾಯಿಲೆ ಲಿವರಿಗೆ ಹಬ್ಬಿತ್ತು. ನಿಮಗೆ ಯಾವುದು ಮುಖ್ಯ ಅಂತ ಡಾಕ್ಟರು ಅವರನ್ನೇ ಕೇಳಿದರು. "ತೋಟಕ್ಕೆ ಹೋಗಿ ಬರುವಷ್ಟು ಕಾಲು ಗಟ್ಟಿ ಇರಲಿ, ಆಸ್ಪತ್ರೆ ವಾಸ ಬೇಡ" ಅಂದರು. ಕೀಮೋ ಕೊಡಲಿಲ್ಲ, ನೋವಿಗೆ ಮಾತ್ರ ಮದ್ದು. ನಾವು ಯಾರೂ ಎದುರಾಡಲಿಲ್ಲ.

ಕಾರವಾರದಿಂದ, ನಾನು ನರ್ಸ್:
ಮೊದಲು ಜಿ8 ಅಂತ ಎಂಟು ಪ್ರಶ್ನೆ ಕೇಳಬಹುದು. 17ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೂರ್ತಿ ಅಸೆಸ್‌ಮೆಂಟ್. ಕಡಿಮೆ ಬಂತು ಅಂದರೆ ಕೀಮೋ ಇಲ್ಲ ಅಂತಲ್ಲ, ಎಲ್ಲಿ ಆಧಾರ ಬೇಕು ಅಂತ ಹುಡುಕುವುದು. ಅಣ್ಣನಿಗೆ ಇದನ್ನೂ ಹೇಳಿ: 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ವಾಸಿಯಾಗದ ಹಂತದ ಕ್ಯಾನ್ಸರ್ ಇದ್ದ, 70 ದಾಟಿದವರು. ಅಸೆಸ್‌ಮೆಂಟಿನ ವರದಿ ಡಾಕ್ಟರ ಕೈಗೆ ಸಿಕ್ಕ ಕಡೆ ಗಂಭೀರ ಅಡ್ಡಪರಿಣಾಮ ಆದದ್ದು ಶೇ. 51 ಜನರಿಗೆ, ಸಿಗದ ಕಡೆ ಶೇ. 71. ಹಾಗಂತ ಆರು ತಿಂಗಳ ಹೊತ್ತಿಗೆ ಬದುಕಿದ್ದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ತಡ ಮಾತ್ರ ಮಾಡಬೇಡಿ. ಕೀಮೋ ಕೊಡುವುದಾದರೆ ಆಪರೇಷನ್ ಆಗಿ ಎಂಟು ವಾರದೊಳಗೆ ಶುರು ಮಾಡುವುದು ಒಳ್ಳೆಯದು. ಶುರುವಾದ ಮೇಲೆ ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.