ಅಪ್‌ಡೇಟ್: ಪಾಲಿಮರ್ ಪೇಟೆಂಟ್‌ನಲ್ಲಿ 'ಆ ಗುಣ ಹಳೆಯದರಲ್ಲೇ ಇದೆ' ಎಂಬ ಆಕ್ಷೇಪ

ತುಮಕೂರಿನ ವಸಂತನರಸಾಪುರದ ಘಟಕವೊಂದರ ಪಾಲಿಪ್ರೊಪಿಲೀನ್ ಮಿಶ್ರಣದ ಅಮೆರಿಕದ ಅರ್ಜಿ ಬಗ್ಗೆ ಕೇಳಿದ್ದೆ: ಹಳೇ ಪೇಟೆಂಟ್‌ನಲ್ಲಿ ಮೆಲ್ಟ್ ಫ್ಲೋ (ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ) ಅಳತೆಯೇ ಇಲ್ಲ, ಆದರೂ ಅದು ಅಂತರ್ಗತ, ಬರೆಯದಿದ್ದರೂ ಅದರಲ್ಲಿ ಇದ್ದೇ ಇದೆ ಎಂದು ಪೇಟೆಂಟ್ ಕಚೇರಿಯ ಪರೀಕ್ಷಕರು ಅಂದರೆ ಸಾಬೀತು ಮಾಡಬೇಕಾದವರು ಯಾರು?

ಮೊದಲ ಹೊಣೆ ಪರೀಕ್ಷಕರದ್ದೇ. 'ಇರಬಹುದು' ಅಂದರೆ ಸಾಲದು. ರಾಳ (ಮೂಲ ಪ್ಲಾಸ್ಟಿಕ್), ಪ್ರಮಾಣ, ತಯಾರಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಕಾರಣ ಕೊಟ್ಟು ತೋರಿಸಬೇಕು. ತೋರಿಸಿದರೆ ಅಮೆರಿಕದ ನ್ಯಾಯಾಲಯದ 1977ರ ಬೆಸ್ಟ್ (In re Best) ತೀರ್ಪಿನಂತೆ ಹೊಣೆ ಅರ್ಜಿದಾರರ ಹೆಗಲಿಗೆ. ಪೇಟೆಂಟ್ ಕಚೇರಿ ತಾನೇ ಮಿಶ್ರಣ ಮಾಡಿ ಅಳೆಯಲಾಗದು, ಇದು ನ್ಯಾಯವೇ.

ಆಮೇಲೆ ಬರೀ ವಾದ ನಡೆಯಲ್ಲ, ಅಂಕಿ ಬೇಕು. ಹಳೇ ಪೇಟೆಂಟ್‌ನ ತೀರಾ ಹತ್ತಿರದ ಉದಾಹರಣೆಯನ್ನು ಬರೆದಂತೆಯೇ ತಯಾರಿಸಿ, ಅದನ್ನೂ ಅರ್ಜಿಯ ಮಿಶ್ರಣವನ್ನೂ 230 ಡಿಗ್ರಿ ಸೆಲ್ಸಿಯಸ್, 2.16 ಕೆಜಿ ತೂಕದಲ್ಲಿ ಅಳೆದು, ರೂಲ್ 132ರ ಡಿಕ್ಲರೇಶನ್ನಿನಲ್ಲಿ (ಪೇಟೆಂಟ್ ಕಚೇರಿಗೆ ಸಾಕ್ಷ್ಯವಾಗಿ ಕೊಡುವ ಲಿಖಿತ ಘೋಷಣೆ) ಕೊಡಬೇಕು. ಎಡವುವುದು ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರ) ಹತ್ತಿರ: ಶಾಖ ಹೆಚ್ಚಾದರೆ ಪಾಲಿಮರ್ ಅಣುಗಳ ಸರಪಳಿ ತುಂಡಾಗಿ ಫ್ಲೋ ಏರುತ್ತದೆ, ಹೋಲಿಕೆಯೇ ಬಿದ್ದುಹೋಗುತ್ತದೆ.