ಅಕ್ಕ, ಕೊಳ ಮಾಡಿಸು, ಮೀನಿಗೆ ಮಾತ್ರ ಅವಸರ ಬೇಡ

ಅಕ್ಕ, ಮಂಡ್ಯದ ಮನೆ ಹಿತ್ತಿಲಲ್ಲಿ ಪುಟ್ಟ ಕೊಳ ಮಾಡಿಸಲಾ ಅಂತ ನೀನು ಕೇಳಿದ್ದು, ಸೊಳ್ಳೆ ಸಾಕೋದಕ್ಕಾ ಅಂತ ಭಾವ ಅಂದದ್ದು, ಎರಡೂ ಈಗ ಕೇಳಿಸಿಕೊಂಡೆ. ಉತ್ತರ ಸ್ವಲ್ಪ ಉದ್ದ ಇದೆ, ಅಡುಗೆ ಮಾಡುತ್ತಾ ಕೇಳು.

ಭಾವ, ನಿಮ್ಮ ಹೆದರಿಕೆ ಸುಳ್ಳಲ್ಲ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಟ್ಟರೆ ಎಂಟು ಹತ್ತು ದಿನಕ್ಕೆ ಹೊಸ ಸೊಳ್ಳೆ ಹಾರುತ್ತದೆ. ಡೆಂಗಿ ಸೊಳ್ಳೆಗೆ ತಿಳಿನೀರಾದರೂ ಸಾಕು. ಆದರೆ ಮೀನಿರುವ ನೀರಲ್ಲಿ ಸೊಳ್ಳೆ ಮರಿ ಉಳಿಯುವುದು ಕಷ್ಟ. ನಮ್ಮನೆ ಡ್ರಮ್ಮಿನಲ್ಲಿ ಒಂದು ಸಲ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದು ಚೊಂಬು ಮೊಗೆದು ಕೊಳಕ್ಕೆ ಸುರಿದೆ. ಎಲೆ ಕೆಳಗಿದ್ದ ಗುಪ್ಪಿ ಮೀನುಗಳೆಲ್ಲ ನುಗ್ಗಿ ಬಂದವು. ನೂರು ಎಣಿಸುವಷ್ಟರಲ್ಲಿ ಒಂದು ಮರಿಯೂ ಕಾಣಲಿಲ್ಲ. ಮುಚ್ಚಳ ಇಲ್ಲದ ಡ್ರಮ್ಮು, ಹೂಕುಂಡದ ತಟ್ಟೆ, ಹಳೇ ಟೈರು, ಇವನ್ನು ಮೊದಲು ನೋಡಿ ಭಾವ.

ಅಕ್ಕ, ಈಗ ನಿನಗೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ ಸಾಕು. ಅಂಚಿನವರೆಗೆ ತುಂಬಿದರೆ ಸುಮಾರು 1,350 ಲೀಟರ್ ನೀರು ಹಿಡಿಯುತ್ತದೆ. ಮಾವಿನ ಮರದ ಕೆಳಗೆ ಬೇಡ, ಎಲೆ ಉದುರಿ ಕೊಳೆಯುತ್ತದೆ. ನೈದಿಲೆ ಹೂ ಬಿಡಬೇಕಾದರೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಸಿಮೆಂಟ್ ಬಿಡು, ಕೃಷಿ ಹೊಂಡಕ್ಕೆ ಹಾಸುವ ದಪ್ಪ ಶೀಟೇ ಒಳ್ಳೆಯದು. ಉದ್ದಕ್ಕೂ ಅಗಲಕ್ಕೂ ಎರಡು ಕಡೆಯ ಆಳ ಸೇರಿಸಿ, ಅಂಚಿಗೆ ಒಂದೊಂದು ಅಡಿ ಬಿಟ್ಟರೆ 12 ಅಡಿಗೆ 10 ಅಡಿ ಶೀಟು ಬೇಕಾಗುತ್ತದೆ. ಗುಂಡಿಯಲ್ಲಿ ಕಲ್ಲು ಬೇರು ಆರಿಸಿ, ಹಳೇ ಗೋಣಿಚೀಲ ಹಾಸಿ, ಆಮೇಲೆ ಶೀಟು ಹಾಕಿಸು.

ಮೇಲುಕೋಟೆ ಕಲ್ಯಾಣಿ ನೆನಪಿದೆ ಅಲ್ವಾ? ನೀರು ಎಷ್ಟು ಇಳಿದರೂ ಕಾಲಿಡಲು ಮೆಟ್ಟಿಲಿರುತ್ತದೆ. ನಿನ್ನ ಕೊಳದ ಒಳಗೂ ಒಂದು ಮೆಟ್ಟಿಲು ಬಿಡಿಸು, ಒಂದು ಪಕ್ಕ ಕಲ್ಲನ್ನು ಇಳಿಜಾರಾಗಿ ಜೋಡಿಸು. ಅಳಿಲೋ ಓತಿಕ್ಯಾತನೋ ಬಿದ್ದರೆ ನುಣುಪು ಶೀಟನ್ನು ಹತ್ತಲು ಆಗುವುದಿಲ್ಲ, ಪಾಪ. ಮೊಮ್ಮಗು ರಜೆಗೆ ಬರುತ್ತದಲ್ಲ, ನೀರು ತುಂಬುವ ಮೊದಲೇ ಗಟ್ಟಿ ಜಾಲರಿ ಕೂರಿಸು. ಇದನ್ನು ಮಾತ್ರ ಮುಂದೂಡಬೇಡ. ಮಗುವಿಗೆ ಎರಡು ಅಡಿ ನೀರೂ ಅಪಾಯವೇ.

ಸಿಮೆಂಟ್ ಬೇಡ ಅಂದದ್ದು ಯಾಕೆ ಅಂದರೆ, ನಮ್ಮ ಮೊದಲ ಕೊಳ ಸಿಮೆಂಟಿನದು. ವಾರ ಕ್ಯೂರಿಂಗ್ ಆಯಿತು, ಇನ್ನು ಮೀನು ಬಿಡಿ ಅಂದರು ಮೇಸ್ತ್ರಿ. ಬಿಟ್ಟೆವು. ಮಾರನೇ ಬೆಳಿಗ್ಗೆ ಹನ್ನೆರಡೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಗಳು ಅವತ್ತು ತಿಂಡಿ ಮುಟ್ಟಲಿಲ್ಲ. ಕ್ಯೂರಿಂಗ್ ಮಾಡುವುದು ಗೋಡೆ ಗಟ್ಟಿಯಾಗಲಿ ಅಂತ. ಹೊಸ ಸಿಮೆಂಟಿನ ಸುಣ್ಣ ಆಮೇಲೂ ನೀರಿಗೆ ಬಿಡುತ್ತಲೇ ಇರುತ್ತದೆ, ಆ ಕ್ಷಾರದಲ್ಲಿ ಮೀನು ಬದುಕುವುದಿಲ್ಲ. ಬಾಳೆದಿಂಡು ಕತ್ತರಿಸಿ ಹಾಕಿ, ವಾರಕ್ಕೊಮ್ಮೆ ನೀರು ಚೆಲ್ಲಿ, ಒಂದು ತಿಂಗಳು ಕಾದ ಮೇಲೆ ಸರಿಹೋಯಿತು.

ಶೀಟಾದರೂ ಕಾಯಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಎರಡು ದಿನ ಬಿಡು. ಮೊದಲು ನೈದಿಲೆ, ನೀರೊಳಗೆ ಬೆಳೆಯುವ ಹೈಡ್ರಿಲ್ಲಾ ಗಿಡ ಬೇರೂರಲಿ. ನಡುವೆ ನೀರು ಹಸಿರಾಗುತ್ತದೆ, ಗಾಬರಿಯಾಗಿ ಪೂರ್ತಿ ಚೆಲ್ಲಬೇಡ. ಎಲೆ ಹರಡಿ ಅರ್ಧಕ್ಕಿಂತ ಜಾಸ್ತಿ ನೆರಳಾದರೆ ಪಾಚಿ ತಾನಾಗೇ ಕಮ್ಮಿಯಾಗುತ್ತದೆ. ಆಮೇಲೆ ಹತ್ತು ಗುಪ್ಪಿ ಬಿಟ್ಟರೆ ಸಾಕು, ತಾವೇ ಹೆಚ್ಚುತ್ತವೆ. ಜಾಸ್ತಿ ಆದವು ಅಂತ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಮಾತ್ರ ಬಿಡಬೇಡ. ಅವು ಹೊರದೇಶದ ಮೀನು, ಇಲ್ಲಿನ ಸಣ್ಣ ಮೀನುಗಳ ಪಾಲು ಕಿತ್ತುಕೊಳ್ಳುತ್ತವೆ.

ಗುಂಡಿ ತೋಡುವ ದಿನ ಹೇಳು, ಮೈಸೂರಿಂದ ಬೆಳಿಗ್ಗೆ ರೈಲಿಗೇ ಬರುತ್ತೇನೆ. ನೈದಿಲೆ ಗಡ್ಡೆ ತರುತ್ತೇನೆ. ಮೀನನ್ನು ಅವತ್ತು ತರುವುದಿಲ್ಲ.